ಹಿಂದಿನ ಬಾಗಿಲಿಲ್ಲದ ಕಾರು ಹಿಂದಿನ ಸೀಟಿನವರದಾದದ್ದು

ಈ ಸಲದ ಅಂಚೆಯಲ್ಲಿ ಹಾವೇರಿ ಜಿಲ್ಲೆಯ ಪತ್ರಗಳೇ ಹೆಚ್ಚು, ಎಲ್ಲವೂ ಬಿಎಂಡಬ್ಲ್ಯು 3 ಸೀರೀಸ್ ಕುರಿತಾದವು. ಸ್ಪೋರ್ಟ್ ಸೆಡಾನ್ ಎಂದರೆ ಹೇಗಿರಬೇಕು ಎಂಬುದಕ್ಕೆ ಬೇರೆ ಕಂಪನಿಗಳೂ ಅಳತೆಗೋಲಾಗಿ ಇಟ್ಟುಕೊಂಡ ಕಾರು ಅದು. ಹೀಗಾಗಿ ಈ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ನಾನು ಐಟಿಐ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿ. ಈ ಕಾರಿನಲ್ಲಿ ಏಳು ತಲೆಮಾರು ಬಂದಿವೆ ಎನ್ನುತ್ತಾರೆ. ಹೊರಗಿನ ಅಂದ ಬಿಟ್ಟು ಒಳಗೆ ನಿಜವಾಗಿ ಏನು ಬದಲಾಗಿದೆ ಸರ್? ಇ-30, ಎಫ್-30 ಎಂದು ಕರೆಯುವುದು ಏಕೆ?
– ಓದುಗ, ಹಾನಗಲ್

ಉತ್ತರ: ಇ, ಎಫ್, ಜಿ ಎಂಬವು ಕಂಪನಿ ತನ್ನ ಒಳಗಿನ ಲೆಕ್ಕಕ್ಕೆ ಇಟ್ಟುಕೊಂಡ ಸಂಕೇತಗಳು. ಮಾರಾಟದ ಹೆಸರು ಎಂದೂ 3 ಸೀರೀಸ್ ಎಂದೇ ಇರುವುದರಿಂದ, ಯಾವ ತಲೆಮಾರು ಎಂದು ಗುರುತಿಸಲು ಮೆಕ್ಯಾನಿಕ್‌ಗಳೂ ಅಭಿಮಾನಿಗಳೂ ಈ ಸಂಕೇತಗಳನ್ನೇ ಬಳಸುತ್ತಾರೆ. ಸಾಲು ಹೀಗಿದೆ: 1975ರ ಇ-21, 1982ರ ಇ-30, 1990ರ ಇ-36, 1998ರ ಇ-46, 2005ರ ಇ-90, 2011ರ ಕೊನೆಗೆ ತೋರಿಸಿದ ಎಫ್-30, 2018ರಲ್ಲಿ ಪ್ಯಾರಿಸ್‌ನಲ್ಲಿ ಬಂದ ಜಿ-20.

ಬೇರು ಇನ್ನೂ ಹಿಂದೆ ಇದೆ. 1959ರಲ್ಲಿ ಈ ಕಂಪನಿ ದಿವಾಳಿಯ ಅಂಚಿನಲ್ಲಿತ್ತು, ಡೈಮ್ಲರ್-ಬೆಂಜ್‌ನ ಕೈಸೇರುವುದು ಸ್ವಲ್ಪದರಲ್ಲಿ ತಪ್ಪಿತು. ಉದ್ಯಮಿ ಹರ್ಬರ್ಟ್ ಕ್ವಾಂಟ್ ಹಣ ಹಾಕಿ ಉಳಿಸಿಕೊಂಡರು. 1961ರಲ್ಲಿ ‘ನೊಯೆ ಕ್ಲಾಸೆ’ ಎಂಬ ಸಾಲಿನ 1500 ಕಾರು ಬಂತು. 1968ರಲ್ಲಿ ಅದರ ಚಿಕ್ಕ ಮೈಯಲ್ಲಿ ಎರಡು ಲೀಟರ್ ಎಂಜಿನ್ ಕೂರಿಸಿದ 2002 ಬಂತು. ಹಗುರ ಮೈ, ಬಲವಾದ ಎಂಜಿನ್, ಹಿಂದಿನ ಗಾಲಿಗೆ ಎಳೆತ: 3 ಸೀರೀಸ್ ಹುಟ್ಟಿದ್ದು ಈ ಸೂತ್ರದಿಂದಲೇ.

ಇ-21ಕ್ಕೆ ಹಿಂದಿನ ಬಾಗಿಲೇ ಇರಲಿಲ್ಲ. ಮುಂದಿನ ಸೀಟು ಬಗ್ಗಿಸಿ ಹಿಂದೆ ನುಸುಳಬೇಕಿತ್ತು. ಡ್ಯಾಶ್‌ಬೋರ್ಡಿನ ನಡುಭಾಗ ಚಾಲಕನ ಕಡೆ ವಾಲಿರುತ್ತಿತ್ತು, ಗುಂಡಿಗಳೆಲ್ಲ ಅವನ ಕೈಗೇ. ಈ ಕಾರು ಯಾರಿಗಾಗಿ ಎಂದು ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. ನಾಲ್ಕು ಬಾಗಿಲು ಬಂದದ್ದು 1983ರಲ್ಲಿ, ಇ-30ರ ಮೇಲೆ. ಮೊದಲ ಡೀಸೆಲ್ (324ಡಿ), ಮೊದಲ ನಾಲ್ಕು ಗಾಲಿ ಎಳೆತ, 1986ರ ಮೊದಲ ಎಂ-3 (ವೇಗದ ಮಾದರಿ) ಎಲ್ಲವೂ ಇದೇ ತಲೆಮಾರಿನವು.

ನೀವು ಕಲಿಯುತ್ತಿರುವ ವಿದ್ಯೆಗೆ ಅತಿ ಮುಖ್ಯವಾದ ಬದಲಾವಣೆ ಇ-36ರದು. ಅದಕ್ಕೂ ಮೊದಲಿನ ಎರಡು ತಲೆಮಾರಿನಲ್ಲಿ ಹಿಂದಿನ ಗಾಲಿಯನ್ನು ಹಿಡಿದದ್ದು ಓರೆಯಾಗಿ ತಿರುಗುವ ಒಂದೇ ತೋಳು, ಸೆಮಿ-ಟ್ರೇಲಿಂಗ್ ಆರ್ಮ್. ಸಸ್ಪೆನ್ಶನ್ ಏರಿಳಿದ ಹಾಗೆ ಗಾಲಿಯ ಕೋನವೂ ಬದಲಾಗುತ್ತಿತ್ತು. ಮಳೆಯಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೆ ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತಿತ್ತು. ಹಾನಗಲ್ಲಿನಿಂದ ಶಿರಸಿ ಕಡೆಯ ದಾರಿಯಲ್ಲಿ ಮಳೆಗಾಲ ನೋಡಿದವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ಇ-36ರಲ್ಲಿ ಹಲವು ತೋಳುಗಳ ಮಲ್ಟಿ-ಲಿಂಕ್ ಬಂತು. ಗಾಲಿ ಏರಿದರೂ ಇಳಿದರೂ ಟೈರು ನೆಲದ ಮೇಲೆ ಸರಿಯಾಗಿ ಕೂರತೊಡಗಿತು. ಸಾಮಾನ್ಯ ಚಾಲಕನೂ ಧೈರ್ಯದಿಂದ ಓಡಿಸಬಹುದಾದ ಕಾರು ಆದದ್ದು ಅಲ್ಲಿಂದ ಮುಂದೆ. ನನ್ನ ಪ್ರಕಾರ ಐವತ್ತು ವರ್ಷಗಳಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಇನ್ನೊಂದಿಲ್ಲ.

ಇ-46 ಅದನ್ನೇ ನಯಗೊಳಿಸಿತು. ಇ-90ರಲ್ಲಿ ಡ್ಯಾಶ್‌ಬೋರ್ಡ್ ನೇರವಾಯಿತು, ಪರದೆ ಮತ್ತು ತಿರುಗಿಸುವ ಗುಂಡಿ ಬಂದವು. ಎಫ್-30ರಲ್ಲಿ ಎಣ್ಣೆಯ ಒತ್ತಡದ ಪವರ್ ಸ್ಟೀರಿಂಗ್ ಹೋಗಿ ವಿದ್ಯುತ್ ಮೋಟರಿನದು ಬಂತು. ಇಂಧನ ಉಳಿಯಿತು ನಿಜ, ಆದರೆ ರಸ್ತೆಯ ಉಬ್ಬುತಗ್ಗು ಅಂಗೈಗೆ ಗೊತ್ತಾಗುತ್ತಿದ್ದ ಸುಖ ಕಡಿಮೆಯಾಯಿತು. ಇದು ನಷ್ಟವೇ ಎಂದು ನಾನು ಎಣಿಸುತ್ತೇನೆ.

ಗಾತ್ರ ನೋಡಿ. ಮುಂದಿನ ಹಿಂದಿನ ಗಾಲಿಗಳ ನಡುವಿನ ಅಂತರ ಇ-21ರಲ್ಲಿ 2563 ಮಿ.ಮೀ. ಇತ್ತು, ಜಿ-20ರಲ್ಲಿ 2851 ಮಿ.ಮೀ. ಇದೆ. ತೂಕ ಸುಮಾರು ಒಂದು ಟನ್ನಿನಿಂದ ಒಂದೂವರೆ ಟನ್ ದಾಟಿದೆ. ಹೀಗಿದ್ದೂ ಎಂಜಿನ್ ಉದ್ದಕ್ಕೆ ಕೂರುವುದು, ಹಿಂದಿನ ಗಾಲಿಗೆ ಎಳೆತ, ಮುಂದೆ ಹಿಂದೆ ಹೆಚ್ಚುಕಡಿಮೆ ಸಮ ತೂಕ, ಈ ಮೂರನ್ನು ಮಾತ್ರ ಇಂದಿಗೂ ಬಿಟ್ಟಿಲ್ಲ. ಆ ಹೆಸರಿಗೆ ಅರ್ಥ ಉಳಿದಿರುವುದು ಅದರಿಂದಲೇ.

ಪ್ರಶ್ನೆ: ನಮ್ಮ ಕಾಕಾ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾರೆ. “ಡೀಸೆಲ್ ಗಾಡಿ ಸ್ಪೋರ್ಟ್ಸ್ ಗಾಡಿ ಆಗೂದಿಲ್ಲ” ಎಂದು ಅವರ ವಾದ. 320ಡಿ ಬಗ್ಗೆ ನೀವೇನು ಹೇಳುತ್ತೀರಿ? ನಾನು ದಿನಾ ಹೆದ್ದಾರಿಯಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ.
– ಓದುಗ, ಶಿಗ್ಗಾಂವಿ

ಉತ್ತರ: ಕಾಕಾ ಅವರ ಮಾತು 1985ರ 324ಡಿ ಮಟ್ಟಿಗೆ ಪೂರ್ತಿ ನಿಜ. ಅದಕ್ಕೆ ಟರ್ಬೊ ಇರಲಿಲ್ಲ, ವೇಗವೂ ಇರಲಿಲ್ಲ. ಪರಿಸ್ಥಿತಿ ಬದಲಾದದ್ದು ಕಾಮನ್ ರೈಲ್ ಬಂದ ಮೇಲೆ. ಅವರು ಬಿಚ್ಚಿ ಜೋಡಿಸಿದ ಎಷ್ಟೋ ಟ್ರ್ಯಾಕ್ಟರುಗಳ ಡೀಸೆಲ್ ಪಂಪಿನ ಮೇಲೆ ‘ಮೈಕೋ’ ಎಂಬ ಹೆಸರು ಇದ್ದೇ ಇರುತ್ತದೆ. ಬೆಂಗಳೂರಿನ ಆಡುಗೋಡಿಯ ಆ ಕಂಪನಿ ಜರ್ಮನಿಯ ಬಾಷ್‌ನದೇ ಶಾಖೆ, 2008ರಿಂದ ಹೆಸರೂ ಬಾಷ್ ಆಗಿದೆ. ಹಳೆಯ ಪಂಪು ಎಂಜಿನ್ ಓಡಿದಷ್ಟೇ ಒತ್ತಡ ಕೊಡುತ್ತಿತ್ತು. ಬಾಷ್ 1997ರಲ್ಲಿ ಮಾರುಕಟ್ಟೆಗೆ ತಂದ ಕಾಮನ್ ರೈಲ್‌ನಲ್ಲಿ ಒಂದೇ ಕೊಳವೆಯೊಳಗೆ ಸದಾ ಒತ್ತಡ ತುಂಬಿರುತ್ತದೆ, ಇಂಜೆಕ್ಟರ್ ಯಾವಾಗ ತೆರೆಯಬೇಕು ಎಂಬುದನ್ನು ಕಂಪ್ಯೂಟರ್ ಹೇಳುತ್ತದೆ. ಒಂದೇ ಹೊಡೆತಕ್ಕೆ ಬದಲಾಗಿ ಡೀಸೆಲನ್ನು ಹಲವು ಸಣ್ಣ ಕಂತುಗಳಲ್ಲಿ ಚಿಮ್ಮಿಸಬಹುದು. ಸದ್ದು ತಗ್ಗುವುದು, ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಸಿಗುವುದು ಅದರಿಂದ.

ಎಫ್-30ರ 320ಡಿ ಮೊದಲು 184 ಅಶ್ವಶಕ್ತಿಯದು, ನಂತರ 190ರದು. ಎಂಟು ಗೇರಿನ ಆಟೊಮ್ಯಾಟಿಕ್ ಜೊತೆ ಅದು ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಒಮ್ಮೆ ಕುಳಿತು ನೋಡಿದರೆ ಕಾಕಾ ತಮ್ಮ ವಾದ ಬಿಡುತ್ತಾರೆ ಎಂಬುದು ನನ್ನ ನಂಬಿಕೆ.

ನಿಮ್ಮ ದಿನದ ಓಡಾಟಕ್ಕೆ ಡೀಸೆಲ್ ಸರಿಯಾದದ್ದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಕಾರು ಒಂದೇ ಸಮ ಓಡಿ ಬಿಸಿಯಾದಾಗ ಆ ಮಸಿ ಸುಟ್ಟುಹೋಗುತ್ತದೆ. ಊರೊಳಗೆ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಳ್ಳುತ್ತದೆ. ನಿಮಗೆ ಆ ಚಿಂತೆ ಇಲ್ಲ.

ಪ್ರಶ್ನೆ: ಮುಂದಿನ ತಲೆಮಾರು ಬ್ಯಾಟರಿಯದೇ ಎನ್ನುತ್ತಾರಲ್ಲ, ಕಾಯಬೇಕೇ?
– ಓದುಗ, ಹಾನಗಲ್

ಉತ್ತರ: ಈಗ ಅವಶ್ಯಕತೆ ಇದ್ದರೆ ಕಾಯಬೇಡಿ. ಬ್ಯಾಟರಿಯ ಐ-4 ಸೆಡಾನ್ 2022ರಲ್ಲೇ ನಮ್ಮ ದೇಶಕ್ಕೆ ಬಂತು. 2025ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ತೋರಿಸಿದ ಐಎಕ್ಸ್-3ರಿಂದ ಹೊಸ ಸಾಲು ಶುರುವಾಗಿದೆ, ಅದಕ್ಕೆ ಮತ್ತೆ 1961ರ ‘ನೊಯೆ ಕ್ಲಾಸೆ’ ಹೆಸರನ್ನೇ ಇಟ್ಟಿದ್ದಾರೆ. ಅದೇ ತಳಹದಿಯ ಮೇಲೆ ಸೆಡಾನೂ ಬರುತ್ತದೆ ಎಂದು ಕಂಪನಿ ಘೋಷಿಸಿದೆ. ಮನೆಯಲ್ಲಿ ಸ್ವಂತ ಚಾರ್ಜರ್, ಅದಕ್ಕೆ ತಕ್ಕ ವಿದ್ಯುತ್ ಸಂಪರ್ಕ ಇದ್ದವರು ಮಾತ್ರ ಆ ದಿಕ್ಕಿನಲ್ಲಿ ಯೋಚಿಸಿ.

ಪ್ರಶ್ನೆ: ಹೊಸ ಕಾರು ಕೊಳ್ಳುವವರಿದ್ದೇವೆ. ತಂದೆಯವರಿಗೆ ವಯಸ್ಸಾಗಿದೆ, ಹಿಂದೆ ಕೂರುತ್ತಾರೆ. ನನಗೆ ಓಡಿಸುವ ಹುಚ್ಚು. ಗ್ರ್ಯಾನ್ ಲಿಮೊಸಿನ್ ಒಳ್ಳೆಯದೋ ಎಂ-340ಐ ಒಳ್ಳೆಯದೋ? ನಮ್ಮ ಕಡೆಯ ಹಂಪ್‌ಗಳಿಗೆ ತಳ ತಾಗುವುದಿಲ್ಲವೇ?
– ಓದುಗ, ಹಿರೇಕೆರೂರು

ಉತ್ತರ: ನಮ್ಮ ದೇಶ ಈ ಕಾರನ್ನು ಎತ್ತ ತಿರುಗಿಸಿತು ಎಂಬುದಕ್ಕೆ ನಿಮ್ಮ ಮನೆಯೇ ಉದಾಹರಣೆ. ಚೆನ್ನೈ ಬಳಿಯ ಮಹೀಂದ್ರಾ ವರ್ಲ್ಡ್ ಸಿಟಿಯಲ್ಲಿ 2007ರ ಮಾರ್ಚ್‌ನಲ್ಲಿ ಕಾರ್ಖಾನೆ ತೆರೆದಾಗ ಅಲ್ಲಿ ಜೋಡಿಸಿದ ಮೊದಲ ಕಾರುಗಳಲ್ಲಿ 3 ಸೀರೀಸ್ ಒಂದು. ಇಲ್ಲಿ ಇಷ್ಟು ಹಣ ಕೊಡುವವರು ಬಹಳಷ್ಟು ಮಂದಿ ಡ್ರೈವರ್ ಇಟ್ಟುಕೊಂಡು ಹಿಂದೆ ಕೂರುವವರು. ಅವರಿಗಾಗಿ 2021ರ ಜನವರಿಯಲ್ಲಿ ಗ್ರ್ಯಾನ್ ಲಿಮೊಸಿನ್ ಬಂತು. ಗಾಲಿಗಳ ಅಂತರ 110 ಮಿ.ಮೀ. ಹೆಚ್ಚಿಸಿ 2961 ಮಾಡಿದ್ದಾರೆ, ಹೆಚ್ಚಿದ್ದೆಲ್ಲ ಹಿಂದೆ ಕೂತವರ ಮೊಣಕಾಲಿಗೆ. ಎರಡೇ ತಿಂಗಳಲ್ಲಿ, ಮಾರ್ಚ್‌ನಲ್ಲಿ, ಅದೇ ಕಾರ್ಖಾನೆಯಿಂದ ಎಂ-340ಐ ಕೂಡ ಬಂತು. ಆರು ಸಿಲಿಂಡರ್, 387 ಅಶ್ವಶಕ್ತಿ, ನಾಲ್ಕು ಗಾಲಿಗೂ ಎಳೆತ, 4.4 ಸೆಕೆಂಡಿನಲ್ಲಿ 100 ಕಿ.ಮೀ. ವೇಗ. ಆ ವರ್ಷದಿಂದ ಒಂದೇ ಹೆಸರಿನ ಕೆಳಗೆ ಇಲ್ಲಿ ಎರಡು ಬೇರೆ ಬೇರೆ ಕಾರುಗಳಿವೆ.

ತಂದೆಯವರು ವಾರಕ್ಕೊಮ್ಮೆಯಾದರೂ ದೂರ ಪ್ರಯಾಣ ಮಾಡುವವರಾದರೆ ಗ್ರ್ಯಾನ್ ಲಿಮೊಸಿನ್ ತೆಗೆದುಕೊಳ್ಳಿ. ಆದರೆ ಮೊದಲು ಅವರನ್ನು ಶೋರೂಮಿಗೆ ಕರೆದೊಯ್ದು ಹತ್ತಿ ಇಳಿಯಲು ಹೇಳಿ. ಕಾಲು ಚಾಚಲು ಜಾಗ ಎಷ್ಟಿದ್ದರೇನು, ಸೀಟು ನೆಲಕ್ಕೆ ಹತ್ತಿರ. ಮಂಡಿ ನೋವಿರುವ ಹಿರಿಯರಿಗೆ ಕಷ್ಟವಾಗುವುದು ಕೂರುವಾಗಲ್ಲ, ಏಳುವಾಗ. ಅವರು ಇನ್ನೊಬ್ಬರ ಕೈ ಹಿಡಿದೇ ಏಳಬೇಕಾಯಿತು ಎಂದಾದರೆ ಎರಡೂ ಬೇಡ, ಎತ್ತರದ ಗಾಡಿ ನೋಡಿ. ನಿಮ್ಮ ಹುಚ್ಚಿಗೆ ಇನ್ನೂ ವಯಸ್ಸಿದೆ.

ಈಗ ಹಂಪ್ ವಿಷಯ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲದ ಉಬ್ಬಿನ ಮೇಲೆ ನಾಲ್ಕೂ ಗಾಲಿ ಒಟ್ಟಿಗೆ ಏರಿರುತ್ತವೆ, ಈ ಕಾರಿಗೆ ತೊಂದರೆಯೇ ಇಲ್ಲ. ಹಳ್ಳಿಯ ಮುಂದೆ ಜನರೇ ಹಾಕಿಸುವ ಹಂಪ್ ಕಿರಿದು, ಕಡಿದು. ಮುಂದಿನ ಗಾಲಿ ಆಚೆ ಇಳಿದು ಹಿಂದಿನದು ಈಚೆ ಇರುವಾಗ ಉಬ್ಬಿನ ನೆತ್ತಿ ನೇರವಾಗಿ ಕಾರಿನ ಹೊಟ್ಟೆಯ ಕೆಳಗೆ ಬರುತ್ತದೆ. ತಳದ ಎತ್ತರ ಖಾಲಿ ಇದ್ದಾಗಲೇ 14 ಸೆಂ.ಮೀ. ಆಸುಪಾಸು, ಐದು ಜನ ಕೂತರೆ ಇನ್ನೂ ಕಡಿಮೆ. ಉದ್ದ ಹೆಚ್ಚಿದಷ್ಟೂ ತಾಗುವ ಸಂಭವ ಹೆಚ್ಚು, ಆದ್ದರಿಂದ ಗ್ರ್ಯಾನ್ ಲಿಮೊಸಿನ್ ಮೊದಲು ತಾಗುತ್ತದೆ. ಓರೆಯಾಗಿ, ಒಂದೊಂದೇ ಗಾಲಿ ಏರುವಂತೆ ದಾಟಿಸಿ. ಹಂಪ್ ಹತ್ತುವಾಗ ಬ್ರೇಕ್ ಒತ್ತಿ ಹಿಡಿಯಬೇಡಿ, ಮೂತಿ ಮತ್ತಷ್ಟು ತಗ್ಗುತ್ತದೆ.

ಪ್ರಶ್ನೆ: ಹಳೆಯ ಕಾರಿನ ಮಳಿಗೆಯೊಂದರಲ್ಲಿ 2013ರ 320ಡಿ ಇದೆ. ದೆಹಲಿ ನೋಂದಣಿ, 62 ಸಾವಿರ ಕಿ.ಮೀ. ಓಡಿದೆಯಂತೆ, 9 ಲಕ್ಷ ಹೇಳುತ್ತಿದ್ದಾರೆ. ಹೊಸ ಸಣ್ಣ ಕಾರಿನ ಬೆಲೆಗೆ ಇಂಥ ಕಾರು! ಮುಂಗಡ ಕೊಡಲೇ?
– ಓದುಗ, ಸವಣೂರು

ಉತ್ತರ: ಕೊಡಬೇಡಿ. ಕಾರಣಗಳನ್ನು ಓದಿ, ಆಮೇಲೆ ನಿಮ್ಮ ನಿರ್ಧಾರ.

ಮೊದಲನೆಯದು ಎಂಜಿನ್. 2013ರ 320ಡಿಯಲ್ಲಿರುವುದು ಎನ್-47 ಎಂಬ ಎಂಜಿನ್. ಅದರ ಟೈಮಿಂಗ್ ಚೈನ್ ಮುಂದಿಲ್ಲ, ಹಿಂದೆ ಗೇರ್‌ಬಾಕ್ಸ್ ಕಡೆ ಇದೆ. ಆ ಚೈನ್ ಸವೆದು ಸಡಿಲವಾಗುವುದು ಜಗತ್ತಿನಾದ್ಯಂತ ಕಂಡುಬಂದ ದೋಷ. ಕಡಿದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಎಂಜಿನ್ ಹಾಳಾಗುತ್ತದೆ. ಬದಲಾಯಿಸಬೇಕಾದರೆ ಎಂಜಿನನ್ನೋ ಗೇರ್‌ಬಾಕ್ಸನ್ನೋ ಇಳಿಸಲೇಬೇಕು. ಬಿಡಿಭಾಗಕ್ಕಿಂತ ಕೂಲಿಯೇ ಭಾರ. ಬಾನೆಟ್ ಎತ್ತಿ ನೋಡಿದರೆ ಇದು ಗೊತ್ತಾಗುವುದಿಲ್ಲ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ನಿಮ್ಮ ಎದುರಿಗೇ ಚಾಲೂ ಮಾಡಿಸಿ, ಎಂಜಿನ್ ಹಿಂಭಾಗದಿಂದ ಸರಪಳಿ ಎಳೆದಂಥ ಕರಕರ ಸದ್ದು ಬರುತ್ತದೆಯೇ ಕೇಳಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಹೋಗಿ.

ಎರಡನೆಯದು ಕಿಲೋಮೀಟರ್. ಈ ಕಾರಿನ ಕೀಲಿಯೇ ಒಂದು ದಾಖಲೆ. ಓಡುವಾಗ ಕಾರು ತನ್ನ ಶಾಸಿ ಸಂಖ್ಯೆಯನ್ನೂ ಓಡಿದ ದೂರವನ್ನೂ ಅದರೊಳಗೆ ಬರೆಯುತ್ತಿರುತ್ತದೆ, ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ಅದನ್ನು ಓದಬಹುದು. ಎರಡೂ ಕೀಲಿ ಕೇಳಿ ಪಡೆಯಿರಿ. ಶಾಸಿ ಸಂಖ್ಯೆಯ ಕೊನೆಯ ಏಳು ಅಕ್ಷರಗಳಿಂದ ಕಾರು ತಯಾರಾದ ತಿಂಗಳೂ ಸಿಗುತ್ತದೆ. ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ಇದರಲ್ಲಿ ಬರುವುದು ಸಾಮಾನ್ಯವಾಗಿ ರನ್-ಫ್ಲ್ಯಾಟ್ ಟೈರು, ಸ್ಟೆಪ್ನಿ ಇರುವುದಿಲ್ಲ. ಪಂಕ್ಚರ್ ಆದರೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ಓಡಿಸಬಹುದು, ಆದರೆ ಪಕ್ಕೆ ಗಟ್ಟಿ, ಬೆಲೆಯೂ ಜಾಸ್ತಿ. ನಾಲ್ಕೂ ಹಳೆಯವಾಗಿದ್ದರೆ ಆ ಖರ್ಚನ್ನೂ ಒಂಬತ್ತು ಲಕ್ಷಕ್ಕೆ ಕೂಡಿಸಿ.

ಮೂರನೆಯದು ಕಾಗದ. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಬಂದ ನಿರ್ಬಂಧದಿಂದ ಅಲ್ಲಿ ಇಂಥವು ಅಗ್ಗವಾದವು, ದಕ್ಷಿಣಕ್ಕೆ ಬಂದವು. ಅಗ್ಗಕ್ಕೆ ಕಾರಣ ಕಾರಿನ ಒಳ್ಳೆಯತನವಲ್ಲ. ಅಲ್ಲಿನ ಆರ್‌ಟಿಒ ಕೊಟ್ಟ ನಿರಾಕ್ಷೇಪಣಾ ಪತ್ರ ಚಾಲ್ತಿಯಲ್ಲಿದೆಯೇ, ಹಳೆಯ ಸಾಲ ತೀರಿದೆಯೇ ನೋಡಬೇಕು. ಕೆಎ-27 ಫಲಕ ಬೇಕಾದರೆ ಹಾವೇರಿಯಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ಹೊಸದರಲ್ಲಿ ಅದು ಶೇ 18. ಹಳೆಯದಕ್ಕೆ ವಯಸ್ಸಿನ ಪ್ರಕಾರ ಇಳಿಯುತ್ತದೆ, ಆದರೆ ಲೆಕ್ಕ ನೀವು ಕೊಟ್ಟ ಒಂಬತ್ತು ಲಕ್ಷದ ಮೇಲಲ್ಲ, ಅಂದಿನ ಹೊಸ ಬೆಲೆಯ ಮೇಲೆ. ಕಾರು ಹಳೆಯದಾದರೂ ಬಿಡಿಭಾಗದ ಬೆಲೆ ಹೊಸ ಕಾರಿನದೇ ಎಂಬುದೂ ನೆನಪಿರಲಿ.

ಎಫ್-30 ಕೆಟ್ಟ ಕಾರಲ್ಲ. 2016ರ ಆರಂಭದಲ್ಲಿ ಇಲ್ಲಿ ಬಂದ ಪರಿಷ್ಕೃತ ರೂಪದಲ್ಲಿ ಬಿ-47 ಎಂಬ ಹೊಸ ಡೀಸೆಲ್ ಎಂಜಿನ್ ಇದೆ, ಅಶ್ವಶಕ್ತಿ 190. ಏಳು ತಲೆಮಾರಿನಲ್ಲಿ ನಮ್ಮ ಜಿಲ್ಲೆಯ ಮಧ್ಯಮ ವರ್ಗದ ಕೈಗೆ ಎಟುಕುವ, ಓಡಿಸುವ ಸುಖ ಉಳಿದಿರುವ ಕಾರು ಎಂದರೆ ನನ್ನ ಲೆಕ್ಕದಲ್ಲಿ ಅದೇ. ಕರ್ನಾಟಕದ್ದೇ ನೋಂದಣಿ, ಪೂರ್ತಿ ಸರ್ವೀಸ್ ದಾಖಲೆ, ಎರಡು ಕೀಲಿ ಇರುವಂಥದ್ದು ಸಿಗುವವರೆಗೆ ತಡೆಯಿರಿ. ಸಿಕ್ಕಾಗ ಶಾಸಿ ಸಂಖ್ಯೆಯ ಕೊನೆಯ ಏಳು ಅಕ್ಷರ ಬರೆದು ಕಳಿಸಿ, ಯಾವ ತಿಂಗಳಿನದು, ಯಾವ ಎಂಜಿನ್ ಎಂದು ನೋಡಿ ತಿಳಿಸುತ್ತೇನೆ. ಅಲ್ಲಿಯವರೆಗೆ ಯಾರಿಗೂ ಮುಂಗಡ ಕೊಡಬೇಡಿ.