ಹಗುರ ಬ್ರೌಸರ್‌ಗೆ ಗುಬ್ಬಿ ಪರೀಕ್ಷೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಅಟ್ಟ ಸೇರಬೇಕಿದ್ದ ನನ್ನ 2 ಜಿಬಿ ಲ್ಯಾಪ್‌ಟಾಪ್‌ಗೆ ಮೊದಲು ಪಪ್ಪಿ ಲಿನಕ್ಸ್, ಆಮೇಲೆ ಹೈಕು ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿ, ಡಿಲೋ, ನೆಟ್‌ಸರ್ಫ್‌ನಂಥ ಪುಟಾಣಿ ಬ್ರೌಸರ್‌ಗಳನ್ನು ಓಡಿಸಿ ನೋಡಿದೆ. ಈ ದಾರಿ ಹಿಡಿದವರಿಗೆ ಸಿಗುವ ಸಲಹೆಗಳೆಲ್ಲ ವೇಗದ ಬಗ್ಗೆ. ತುಮಕೂರಿನಲ್ಲಿ ಕೂತು ಕನ್ನಡ ಓದುವವರಿಗೆ ಎದುರಾಗುವ ತಕರಾರು ವೇಗದ್ದಲ್ಲ, ಒತ್ತಕ್ಷರದ್ದು. ಹಾಗಾಗಿ ಈ ಸೂತ್ರಗಳು.

1. ರೇಸಿನ ಕುದುರೆಗೆ ಗಾಡಿ ಕಟ್ಟಬೇಡಿ

ಕುಣಿಗಲ್ ಫಾರಂನ ಕುದುರೆಯನ್ನು ತಂದು ಯಾರೂ ಇಟ್ಟಿಗೆ ಹೇರುವುದಿಲ್ಲ. ಡಿಲೋದಲ್ಲಿ ಜಾವಾಸ್ಕ್ರಿಪ್ಟ್ ಇಲ್ಲವೇ ಇಲ್ಲ. ನೆಟ್‌ಸರ್ಫ್‌ನಲ್ಲಿ ಇದ್ದರೂ ಅರೆಬರೆ. ಸೇವಾಸಿಂಧು ಅರ್ಜಿ, ಪಹಣಿ, ಬ್ಯಾಂಕ್ ವ್ಯವಹಾರ ಇವುಗಳಿಗೆ ಫೈರ್‌ಫಾಕ್ಸ್ ಅಥವಾ ಕೈಯಲ್ಲಿರುವ ಮೊಬೈಲ್ ಇರಲಿ. ಹಗುರ ಬ್ರೌಸರ್ ಓದುವುದಕ್ಕೆ. ಈ ಗಡಿಯನ್ನು ಮೊದಲ ದಿನವೇ ಗೆರೆ ಎಳೆದಂತೆ ಹಾಕಿಕೊಳ್ಳದವರು ಮೂರನೇ ದಿನಕ್ಕೆ ವಿಂಡೋಸ್‌ಗೆ ವಾಪಸ್ ಹೋಗುತ್ತಾರೆ.

2. ಮೂರು ಊರಿನ ಹೆಸರು ಬರೆದು ನೋಡಿ

ತುಮಕೂರು, ಕುಣಿಗಲ್, ಗುಬ್ಬಿ. ಈ ಮೂರು ಪದ ಇರುವ ಒಂದು ಪುಟವನ್ನು ಬ್ರೌಸರ್‌ನಲ್ಲಿ ತೆರೆಯಿರಿ. ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ತುಮಕೂರಿನಲ್ಲಿ ಇರುವುದು ಬರೀ ಕೊಂಬು, ಕೊಂಬಿನ ಇಳಿ. ಅವು ಅಕ್ಷರದ ಬಲಕ್ಕೆ ನಿಲ್ಲುವುದರಿಂದ ಎಂಥ ಬಡಪಾಯಿ ಬ್ರೌಸರ್‌ನಲ್ಲೂ ತುಮಕೂರು ಹೆಚ್ಚುಕಡಿಮೆ ತುಮಕೂರಾಗಿಯೇ ಕಾಣುತ್ತದೆ. ಕುಣಿಗಲ್‌ನಲ್ಲಿ ಣಕಾರದ ಗುಡಿಸು ತಲೆಗೆ ಬೆಸೆಯಬೇಕು, ಕೊನೆಯ ಲಕಾರ ಅರ್ಧವಾಗಬೇಕು. ಅಲ್ಲಿ ಮೊದಲ ಮುಗ್ಗರಿಕೆ.

ಗುಬ್ಬಿಗೆ ಬಂದರೆ ಬಣ್ಣ ಬಯಲು. ಕಂಪ್ಯೂಟರ್‌ನ ಹೊಟ್ಟೆಯಲ್ಲಿ ಈ ಎರಡಕ್ಷರದ ಊರು ಆರು ಯುನಿಕೋಡ್ ಸಂಕೇತ: ಗ, ಕೊಂಬು, ಬ, ಹಲಂತದ ಗುರುತು, ಮತ್ತೊಂದು ಬ, ಗುಡಿಸು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 18. ಎರಡನೇ ಬಕಾರ ಒತ್ತಾಗಿ ಕೆಳಗಿಳಿದು, ಅದರ ಗುಡಿಸು ಮಾತ್ರ ಮೇಲಿನ ಬಕಾರಕ್ಕೆ ಹೋಗಬೇಕು. ಈ ಜೋಡಣೆ ಬಾರದ ಬ್ರೌಸರ್ ‘ಗುಬ್‌ಬಿ’ ಎಂದು ಬಿಡಿಬಿಡಿಯಾಗಿ ಒದರುತ್ತದೆ. ಒಂದು ಪದವಾದರೆ ಸಹಿಸಬಹುದು, ಇಡೀ ಪುಟ ಹೀಗಿದ್ದರೆ ತಲೆನೋವು.

3. ಬ್ರೌಸರ್‌ನ ಬೆನ್ನ ಹಿಂದೆ ಯಾರಿದ್ದಾರೆ ಕೇಳಿ

ಅಕ್ಷರ ಜೋಡಿಸುವುದು ಬ್ರೌಸರ್ ಅಲ್ಲ, ಅದು ನಂಬಿಕೊಂಡ ಲೈಬ್ರರಿ. ಫೈರ್‌ಫಾಕ್ಸ್, ಕ್ರೋಮ್ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ಒಪ್ಪಿಸುತ್ತವೆ. ನೆಟ್‌ಸರ್ಫ್ 2002ರಲ್ಲಿ ರಿಸ್ಕ್ ಓಎಸ್‌ಗೆಂದು ಹುಟ್ಟಿದ್ದು. ಅದಕ್ಕೆ ಹಲವು ಮುಖಗಳಿವೆ (ಫ್ರಂಟ್‌ಎಂಡ್). ಜಿಟಿಕೆ ಮುಖದ್ದನ್ನು ಹಾಕಿದರೆ ಪ್ಯಾಂಗೋ ಎಂಬ ಲೈಬ್ರರಿಯ ಮೂಲಕ ಒತ್ತಕ್ಷರ ಸರಿ ಕೂರುತ್ತದೆ. ಫ್ರೇಮ್‌ಬಫರ್ ಮುಖದ್ದನ್ನು ಹಾಕಿದರೆ ಇಲ್ಲ. ಹೆಸರು ಒಂದೇ, ಫಲ ಬೇರೆ.

ಡಿಲೋ 1999ರ ಕೂಸು. 2015ರ ನಂತರ ಒಂಬತ್ತು ವರ್ಷ ಹೊಸ ಆವೃತ್ತಿಯೇ ಬರಲಿಲ್ಲ, 2024ರ ಮೇನಲ್ಲಿ ಹೊಸ ಕೈಗಳಲ್ಲಿ 3.1 ಬಂತು. ಅದು ನೆಚ್ಚಿರುವುದು ಎಫ್‌ಎಲ್‌ಟಿಕೆ ಎಂಬ ಲೈಬ್ರರಿಯನ್ನು. 1.3ನೇ ಎಫ್‌ಎಲ್‌ಟಿಕೆ ಲಿನಕ್ಸಿನಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದಿಟ್ಟು ಕೈತೊಳೆದುಕೊಳ್ಳುತ್ತದೆ. 1.4ರಲ್ಲಿ ಪ್ಯಾಂಗೋ ಸೇರಿಸಿ ಕಟ್ಟುವ ಅವಕಾಶ ಇದೆ. ನಿಮ್ಮ ಡಿಲೋ ಯಾವುದರ ಮೇಲೆ ನಿಂತಿದೆ ಎಂದು ನೋಡದೆ ಅದನ್ನು ಹೊಗಳಲೂ ಬೇಡಿ, ತೆಗಳಲೂ ಬೇಡಿ.

4. ಫಾಂಟ್ ಮರೆಯಬೇಡಿ

ಅಕ್ಷರದ ಜಾಗದಲ್ಲಿ ಖಾಲಿ ಡಬ್ಬಿಗಳು ಕಂಡರೆ ಬ್ರೌಸರ್‌ನ ತಪ್ಪಲ್ಲ, ಕನ್ನಡ ಫಾಂಟ್ ಇಲ್ಲ ಅಷ್ಟೆ. ಡೆಬಿಯನ್ ಮೂಲದ ವ್ಯವಸ್ಥೆಗಳಲ್ಲಿ ಲೋಹಿತ್, ನವಿಲು, ಗುಬ್ಬಿ ಎಂಬ ಫಾಂಟ್‌ಗಳು ಉಚಿತ. ನವಿಲಿನ ಜೋಡಿಯಾಗಿರುವುದರಿಂದ ಇದು ಹಕ್ಕಿ ಗುಬ್ಬಿಯೇ ಇರಬೇಕು, ನಾಟಕದ ಗುಬ್ಬಿ ವೀರಣ್ಣನವರ ಊರಲ್ಲ. ಆದರೂ ಗುಬ್ಬಿಯವರು ಅದನ್ನೇ ಹಾಕಿಕೊಂಡರೆ ನಾನಂತೂ ತಡೆಯುವುದಿಲ್ಲ.

5. ಹೈಕು ಇಷ್ಟವಾದರೆ ಪೆನ್‌ಡ್ರೈವ್‌ನಿಂದಲೇ ಶುರು ಮಾಡಿ

ಹೈಕು ಲಿನಕ್ಸ್ ಅಲ್ಲ. ಬಿಓಎಸ್ ಎಂಬ ಹಳೆಯ ವ್ಯವಸ್ಥೆಯ ಅಭಿಮಾನಿಗಳು 2001ರಿಂದ ಕಟ್ಟುತ್ತಿರುವುದು. ಐದನೇ ಬೀಟಾ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದ ಓಡುತ್ತದೆ, ವೈಫೈ ಹತ್ತುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಅದರ ಸ್ವಂತ ಬ್ರೌಸರ್ ವೆಬ್‌ಪಾಸಿಟಿವ್‌ನಲ್ಲಿ ಗುಬ್ಬಿ ಪರೀಕ್ಷೆ ಮಾಡಿ. ಫೇಲಾದರೆ ನಿರಾಶೆ ಬೇಡ, ಅದೇ ವ್ಯವಸ್ಥೆಯ ತಂತ್ರಾಂಶ ಭಂಡಾರದಲ್ಲಿ ಗ್ನೋಮ್‌ನ ಎಪಿಫನಿ ಬ್ರೌಸರ್ ಇದೆ, ಅದು ಹಾರ್ಫ್‌ಬಜ್ ಅನ್ನು ಜೊತೆಗೇ ತರುತ್ತದೆ. ಹಗುರತನ ಸ್ವಲ್ಪ ಹೋಯಿತು, ಕನ್ನಡ ಬಂತು. ನನಗೆ ಈ ವ್ಯಾಪಾರ ಒಪ್ಪಿಗೆ.

6. ಹೊರಡುವ ಮುಂಚೆ ಕಟ್ಟಿಕೊಳ್ಳಿ

ಗುಬ್ಬಿ ದಾಟಿ ರೈಲಿನಲ್ಲಿ ಹೋಗುವವರು ಬುತ್ತಿ ಕಟ್ಟಿಕೊಂಡಂತೆ ಪುಟಗಳನ್ನೂ ಉಳಿಸಿಕೊಳ್ಳಿ. ಜಾವಾಸ್ಕ್ರಿಪ್ಟ್ ಇಲ್ಲದೆಯೂ ತೆರೆಯುವ ಪುಟ ಉಳಿಸಿದ ಮೇಲೂ ತೆರೆಯುತ್ತದೆ. ಕನ್ನಡ ವಿಕಿಪೀಡಿಯ ಇದಕ್ಕೆ ಒಳ್ಳೆಯ ಉದಾಹರಣೆ. ಡಿಲೋದಲ್ಲಿ ಚಿತ್ರಗಳನ್ನು ಆಫ್ ಮಾಡಿದರೆ ಡೇಟಾ ಖರ್ಚೂ ಕಮ್ಮಿ.

7. ಬರೆಯಲು ಹೊಸ ತಂತ್ರಾಂಶ ಬೇಡ

ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಭಾರತದ ಕೆಳಗೆ ಕನ್ನಡ ಇದೆ, ಕಗಪ ವಿನ್ಯಾಸವೂ ಇದೆ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಕಗಪ ಸಾಕು.

8. ನುಡಿ, ಬರಹದ ಹಳೆಯ ಪುಟಗಳಿಗೆ ಬೇರೆ ಲೆಕ್ಕ

ಯುನಿಕೋಡ್ ಬಳಕೆಗೆ ಬರುವ ಮುಂಚಿನ ಪುಟಗಳು, ಆ ಕಾಲದ ಫಾಂಟ್ ಇಲ್ಲದಿದ್ದರೆ, ಎಲ್ಲಿ ತೆರೆದರೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪಠ್ಯವನ್ನು ನಕಲು ಮಾಡಿ ಪರಿವರ್ತಕಕ್ಕೆ ಹಾಕಿ. ತಮಾಷೆ ಎಂದರೆ, ಅವುಗಳಲ್ಲಿ ಒತ್ತು, ಗುಡಿಸು ಎಲ್ಲ ಮೊದಲೇ ತುಂಡು ತುಂಡಾಗಿ ಕೂತಿದ್ದರಿಂದ ಜೋಡಣೆಯ ರಗಳೆಯೇ ಇರಲಿಲ್ಲ.

9. ಗೊಣಗಬೇಡಿ, ವರದಿ ಕಳಿಸಿ

ಇಂಥ ಬ್ರೌಸರ್‌ಗಳನ್ನು ಕಟ್ಟುವವರು ಬೆರಳೆಣಿಕೆಯ ಮಂದಿ, ಕೆಲಸ ಬಿಡುವಿನ ವೇಳೆಯಲ್ಲಿ. ಅವರಿಗೆ ಕನ್ನಡ ಓದಲು ಬರುತ್ತದೆಂದು ನಂಬಿ ಕೂರಬೇಡಿ. ‘ಕನ್ನಡ ಸರಿಯಿಲ್ಲ’ ಎಂದು ಬರೆದರೆ ಏನು ಸರಿಯಿಲ್ಲ ಎಂಬುದೇ ಅವರಿಗೆ ಕಾಣದು. ಎರಡು ಚಿತ್ರ ಸೇರಿಸಿ: ಫೈರ್‌ಫಾಕ್ಸ್‌ನಲ್ಲಿ ಗುಬ್ಬಿ, ನಿಮ್ಮ ಬ್ರೌಸರ್‌ನಲ್ಲಿ ಗುಬ್‌ಬಿ. ಕೆಳಗೆ ಆ ಆರು ಸಂಕೇತಗಳನ್ನು ಸಾಲಾಗಿ ಬರೆಯಿರಿ, ಬ್ರೌಸರ್‌ನ ಆವೃತ್ತಿ, ಎಫ್‌ಎಲ್‌ಟಿಕೆಯ ಆವೃತ್ತಿ, ಫಾಂಟ್‌ನ ಹೆಸರು ಹಾಕಿ. ಎರಡನೇ ಬಕಾರ ಎಲ್ಲಿರಬೇಕಿತ್ತು ಎಂದು ಚಿತ್ರದ ಮೇಲೆ ಒಂದು ಬಾಣದ ಗುರುತು ಎಳೆಯಿರಿ.