ಕಾಣುವ ವಿದ್ಯೆ

ಹಾಲೆಂಡ್ ದೇಶದ ಡೆಲ್ಫ್ಟ್ ನಗರದಲ್ಲಿ ಆಂಟನಿ ವಾನ್ ಲೀವೆನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿಯಿದ್ದನು. ಆತನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಆದರೂ ಪುಟ್ಟ ಗಾಜಿನ ಮಸೂರಗಳನ್ನು ತಾನೇ ತಯಾರಿಸಿ, ಅವುಗಳ ಮೂಲಕ ವಸ್ತುಗಳನ್ನು ನೋಡುವುದರಲ್ಲಿ ಅಸಾಧಾರಣ ಪರಿಣತಿಯನ್ನು ಪಡೆದಿದ್ದನು. ಮೆಣಸು ಖಾರವಾಗಿರುವುದೇಕೆಂದು ತಿಳಿಯುವ ಕುತೂಹಲದಿಂದ 1676ರಲ್ಲಿ ಆತನು ಕಾಳುಮೆಣಸನ್ನು ನೀರಿನಲ್ಲಿ ನೆನೆಯಿಟ್ಟು, ಕೆಲವು ವಾರಗಳ ಅನಂತರ ಆ ನೀರನ್ನು ಪರೀಕ್ಷಿಸಿದನು. ಖಾರದ ಕಾರಣ ತಿಳಿಯಲಿಲ್ಲ. ಆದರೆ ಬರಿಗಣ್ಣಿಗೆ ಕಾಣದ ಅಸಂಖ್ಯಾತ ಜೀವಿಗಳು ಅದರಲ್ಲಿ ಚಲಿಸುತ್ತಿರುವುದು ಕಂಡಿತು. ಈ ಸಂಗತಿಯನ್ನು ಆತನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಮುಖೇನ ತಿಳಿಸಿದನು.

ಅಲ್ಲಿನ ವಿದ್ವಾಂಸರು ಇದನ್ನು ಸುಲಭವಾಗಿ ನಂಬಲಿಲ್ಲ. ಪರೀಕ್ಷಿಸುವ ಹೊಣೆ ರಾಬರ್ಟ್ ಹುಕ್‌ನ ಮೇಲೆ ಬಿದ್ದಿತು. ಆತನು ಸಾಮಾನ್ಯನಲ್ಲ, ಬೆಂಡಿನ ತೆಳುವಾದ ಚೂರಿನಲ್ಲಿ ಕೋಶಗಳನ್ನು ಕಂಡು, 1665ರಲ್ಲಿ 'ಮೈಕ್ರೋಗ್ರಾಫಿಯ' ಎಂಬ ಗ್ರಂಥವನ್ನು ಪ್ರಕಟಿಸಿದವನು. ಅಂಥವನಿಗೂ ಮೊದಲ ಪ್ರಯತ್ನಗಳಲ್ಲಿ ಏನೂ ಕಾಣಲಿಲ್ಲ. ಮೆಣಸಿನ ನೀರನ್ನು ಅತಿ ಸಣ್ಣ ಗಾಜಿನ ನಳಿಕೆಗಳಲ್ಲಿ ತುಂಬಿ, ನೋಡುವ ಕ್ರಮವನ್ನು ತಿದ್ದಿಕೊಂಡ ಮೇಲೆ, 1677ರ ನವೆಂಬರ್ 15ರಂದು ಆ ಜೀವಿಗಳು ಕಂಡವು. ಸಭೆಯಲ್ಲಿದ್ದವರೂ ಅವುಗಳನ್ನು ನೋಡಿ ಒಪ್ಪಿದರು. ಕಣ್ಣೂ ಇತ್ತು, ಉಪಕರಣವೂ ಇತ್ತು. ಮೊದಲು ಕೊರತೆಯಾಗಿದ್ದುದು ಕಾಣುವ ವಿಧಾನ ಮಾತ್ರ.

ಲೀವೆನ್‌ಹುಕ್ ತನ್ನ ಉತ್ತಮ ವಿಧಾನಗಳನ್ನು ಯಾರಿಗೂ ಕಲಿಸಲಿಲ್ಲ. 1723ರಲ್ಲಿ ಆತನು ತೀರಿಕೊಂಡಾಗ ಆ ರಹಸ್ಯಗಳೂ ಆತನೊಂದಿಗೆ ಮರೆಯಾದವು. ಕಲಿಸದ ವಿದ್ಯೆ ಎಷ್ಟು ದೊಡ್ಡದಾದರೂ ಒಬ್ಬನ ಆಯುಷ್ಯದಷ್ಟೇ ಬಾಳುತ್ತದೆ.

ಸೂಕ್ಷ್ಮದರ್ಶಕದ ಶಾಸ್ತ್ರ ಬೆಳಕಿಗೆ ಬಂದುದು ಬಹುಕಾಲದ ಅನಂತರ. ಮಸೂರದ ಶಕ್ತಿಯನ್ನು ಹೆಚ್ಚಿಸುತ್ತ ಹೋದರೆ ಎಷ್ಟು ಸೂಕ್ಷ್ಮವಾದುದನ್ನಾದರೂ ಕಾಣಬಹುದೆಂಬ ನಂಬಿಕೆ ಹಿಂದೆ ಇತ್ತು. ಬೆಳಕು ಅಲೆಯಂತೆ ಚಲಿಸುವುದರಿಂದ ಇದಕ್ಕೊಂದು ಎಲ್ಲೆಯಿದೆಯೆಂದು ಜರ್ಮನಿಯ ಎರ್ನ್‌ಸ್ಟ್ ಅಬ್ಬೆ 1873ರಲ್ಲಿ ತೋರಿಸಿದನು. ಎರಡು ಚುಕ್ಕೆಗಳ ನಡುವಿನ ಅಂತರ ಮಿಲಿಮೀಟರಿನ ಸುಮಾರು 5000ದಲ್ಲಿ ಒಂದು ಪಾಲಿಗಿಂತ ಕಡಿಮೆಯಾದರೆ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅವು ಒಂದೇ ಚುಕ್ಕೆಯಾಗಿ ತೋರುತ್ತವೆ. ಆ ಬಿಂಬವನ್ನು ಇನ್ನಷ್ಟು ಹಿಗ್ಗಿಸಿದರೆ ದೊಡ್ಡದಾದ ಮಸುಕು ದೊರೆಯುವುದೇ ಹೊರತು ಹೊಸ ವಿವರ ದೊರೆಯದು. ದೊಡ್ಡದಾಗಿ ತೋರುವುದು ಬೇರೆ, ಸ್ಪಷ್ಟವಾಗಿ ತೋರುವುದು ಬೇರೆ. ಈ ಎಲ್ಲೆಯನ್ನು ಜಾಣತನದಿಂದ ದಾಟುವ ಬೇರೆ ವಿಧಾನಗಳನ್ನು ಕಂಡುಹಿಡಿದುದಕ್ಕಾಗಿ 2014ರಲ್ಲಿ ಮೂವರು ವಿಜ್ಞಾನಿಗಳಿಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಇಂಥ ವಿಚಾರಗಳನ್ನು ಕೇವಲ ಓದಿ ಮನಗಾಣುವುದು ಕಷ್ಟ. ಒಂದೇ ಸೂಕ್ಷ್ಮದರ್ಶಕದ ಮುಂದೆ ನಲವತ್ತು ಮಂದಿ ಸಾಲಾಗಿ ನಿಂತರೆ ಪ್ರತಿಯೊಬ್ಬರಿಗೂ ದೊರೆಯುವುದು ಕ್ಷಣಮಾತ್ರದ ನೋಟ. ಈ ಕೊರತೆಯನ್ನು ನೀಗಲು ಗಣಕಯಂತ್ರದ ತೆರೆಯ ಮೇಲೆ ನಡೆಯುವ ಸಂವಾದಾತ್ಮಕ ಪಾಠಗಳು ಹುಟ್ಟಿಕೊಂಡವು. ಅಮೆರಿಕದ ಫ್ಲಾರಿಡಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಡೇವಿಡ್‌ಸನ್ ಅವರೂ ಅವರ ಸಂಗಡಿಗರೂ ಇಂಥ ಅನೇಕ ಪಾಠಗಳನ್ನು ಸಿದ್ಧಪಡಿಸಿ ಲೋಕಕ್ಕೆಲ್ಲ ತೆರೆದಿಟ್ಟರು.

ಇಂಥ ಪಾಠದಲ್ಲಿ ತೆರೆಯ ಮೇಲೊಂದು ಬಿಂಬವೂ ಅದರ ಕೆಳಗೆ ಸರಿಸಬಲ್ಲ ಗುಂಡಿಯೂ ಇರುತ್ತವೆ. ಗುಂಡಿಯನ್ನು ಸರಿಸಿ ಬೆಳಕಿನ ಕಿಂಡಿಯನ್ನು ಕಿರಿದುಮಾಡಿದರೆ ಗೆರೆಗಳು ಕಪ್ಪಾಗಿ ಎದ್ದು ಕಾಣುತ್ತವೆ. ಆದರೆ ನವಿರಾದ ವಿವರಗಳು ಅಳಿಸಿಹೋಗುತ್ತವೆ. ಪೂರ್ತಿಯಾಗಿ ತೆರೆದರೆ ಬಿಂಬವೆಲ್ಲ ಬೆಳಕಿನಲ್ಲಿ ಬಿಳಿಚಿಕೊಳ್ಳುತ್ತದೆ. ಇವೆರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ವಿದ್ಯಾರ್ಥಿಯು ತಾನೇ ಕಂಡುಕೊಳ್ಳಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಪರಿಣಾಮವನ್ನು ಗಮನಿಸುವುದು ಇಲ್ಲಿನ ಕ್ರಮ. ವಿಜ್ಞಾನದ ಕ್ರಮವೂ ಅದೇ. ತಪ್ಪಿದರೆ ಗಾಜು ಒಡೆಯದು, ಗದರುವವರೂ ಇಲ್ಲ. ಮತ್ತೆ ಮೊದಲಿನಿಂದ ಆರಂಭಿಸಬಹುದು.

ಇಂದು ಬಿಂಬವನ್ನು ಕಣ್ಣಿನಿಂದ ನೋಡುವುದಲ್ಲದೆ ಕ್ಯಾಮೆರಾದಲ್ಲಿ ಸೆರೆಹಿಡಿಯುವುದೂ ರೂಢಿಯಾಗಿದೆ. ಡಿಜಿಟಲ್ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಸಣ್ಣ ಚೌಕಗಳಿಂದ ಕೂಡಿರುತ್ತದೆ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿಗಳು ವಿರಳವಾದರೆ ನವಿರಾದ ಎಳೆಗಳನ್ನು ಮೂಡಿಸಲಾಗದಷ್ಟೆ. ಹಾಗೆಯೇ, ಪಿಕ್ಸೆಲ್‌ಗಳು ವಿರಳವಾದರೆ ಮಸೂರವು ತೋರಿದ ವಿವರವೂ ಚಿತ್ರಕ್ಕೆ ಇಳಿಯದು. ತೆಗೆದ ಚಿತ್ರವನ್ನು ತಿದ್ದುವುದೂ ಈಗ ಸುಲಭ. ಮಂಕಾದುದನ್ನು ಬೆಳಗಿಸಬಹುದು, ಆದರೆ ಇಲ್ಲದುದನ್ನು ಸೇರಿಸುವುದಾಗಲಿ, ಬೇಡವಾದುದನ್ನು ಮರೆಮಾಡುವುದಾಗಲಿ ಸತ್ಯಕ್ಕೆ ಎಸಗುವ ದ್ರೋಹ. ಏನನ್ನು ಬದಲಿಸಿದೆನೆಂದು ಬರೆದಿಡುವುದು ಪ್ರಾಮಾಣಿಕನ ಲಕ್ಷಣ.

ಆದರೂ ದಡದಲ್ಲಿ ನಿಂತು ಈಜು ಕಲಿಯಲಾಗದು. ಈರುಳ್ಳಿಯ ತೆಳುಪೊರೆಯನ್ನು ಹರಿಯದಂತೆ ಬಿಡಿಸಿ, ಗಾಜಿನ ಮೇಲೆ ಹರಡಿ, ಗಾಳಿ ಸೇರದಂತೆ ಮುಚ್ಚುವ ಹದವನ್ನು ತೆರೆಯು ಕಲಿಸಲಾರದು. ಕಪ್ಪು ಅಂಚುಳ್ಳ ಗಾಳಿಗುಳ್ಳೆಯನ್ನು ಕಂಡು ಜೀವಕೋಶವೆಂದು ಹಿಗ್ಗುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಅದನ್ನು ಗುರುತಿಸಿ ನಕ್ಕು ತಿದ್ದಿಕೊಂಡ ದಿನ ಕಣ್ಣು ಒಂದು ಪಾಠವನ್ನು ಕಲಿತಂತೆ. ತೆರೆಯ ಪಾಠವು ಆ ದಿನಕ್ಕೆ ಸಿದ್ಧತೆಯಾಗಬೇಕು.

ಅಂದು ಒಬ್ಬನ ಮನೆಯಲ್ಲಿ ಅಡಗಿದ್ದ ವಿದ್ಯೆ ಇಂದು ಕಲಿಯುವ ಮನಸ್ಸುಳ್ಳ ಎಲ್ಲರತ್ತ ಸಾಗಿ ಬರುತ್ತಿದೆ. ಕೆರೆಯ ನೀರಿನ ಒಂದು ಹನಿಯಲ್ಲಿ ಲೀವೆನ್‌ಹುಕ್ ಕಂಡಂಥ ಲೋಕವು ಈಗಲೂ ಇದೆ. ತಾಳ್ಮೆಯಿಂದ ಕಾಣಲು ಕಲಿತವರಿಗೆ ಅದು ಗೋಚರಿಸುತ್ತದೆ.

ಅಭ್ಯಾಸ

1. ಮೆಣಸಿನ ನೀರಿನ ಜೀವಿಗಳು ಹುಕ್‌ನಿಗೆ ಕಂಡುದು ಹೇಗೆ?
2. 'ದೊಡ್ಡದಾಗಿ ತೋರುವುದು ಬೇರೆ, ಸ್ಪಷ್ಟವಾಗಿ ತೋರುವುದು ಬೇರೆ' — ಈ ಮಾತನ್ನು ವಿವರಿಸಿ.
3. ಸಂವಾದಾತ್ಮಕ ಪಾಠದಿಂದ ಆಗುವ ಪ್ರಯೋಜನಗಳಾವುವು? ಅದು ಕಲಿಸಲಾರದ ಸಂಗತಿಗಳಾವುವು?