ಹಿಡಿಕೆಯ ಹಿಂದಿನ ಗೀರಿಗೆ ಎಷ್ಟು ಖರ್ಚು ಮಾಡಬೇಕು?

ಕಾರಿನ ಬಾಗಿಲ ಹಿಡಿಕೆಯ ಹಿಂದೆ ಬೆರಳು ತೂರಿಸಲು ಒಂದು ಸಣ್ಣ ಗುಳಿ ಇರುತ್ತದೆ. ಎರಡು ವರ್ಷ ಓಡಿದ ಯಾವ ಕಾರಿನದಾದರೂ ಸರಿ, ಆ ಗುಳಿಗೆ ಮೊಬೈಲಿನ ಟಾರ್ಚ್ ಹಿಡಿದು ನೋಡಿ: ಉಗುರು, ಉಂಗುರ, ಬಳೆ, ಕೀಲಿಗೊಂಚಲು ಎಳೆದ ಗೀರುಗಳು ಒಂದರ ಮೇಲೊಂದು ಕಮಾನಾಗಿ ಹೊಳೆಯುತ್ತವೆ. ಬೆಂಗಳೂರಿನ ಹಲಸೂರಿನ ಇಕ್ಕಟ್ಟಾದ ಬೀದಿಗಳಲ್ಲಿ ನಿಲ್ಲಿಸುವ ಕಾರಿಗೆ ಪಕ್ಕದ ಕನ್ನಡಿಯ ಒಳಮಗ್ಗುಲಲ್ಲಿ ಗೀರು. ಕೆ.ಆರ್. ಪುರದ ತೂಗುಸೇತುವೆ, ಟಿನ್ ಫ್ಯಾಕ್ಟರಿ ಕಡೆ ದಿನಾ ಓಡಾಡುವ ಕಾರಿಗೆ ಸಂದಿಯಲ್ಲಿ ನುಸುಳಿದ ಸ್ಕೂಟರಿನ ಹ್ಯಾಂಡಲ್ ತಾಗಿ ಬಂಪರಿನ ಮೂಲೆಯಲ್ಲಿ ಗೀರು. ರಸೆಲ್ ಮಾರ್ಕೆಟ್ಟಿನಿಂದ ಚೀಲ ಹೊತ್ತು ತಂದವರ ಕಾರಿಗೆ ಡಿಕ್ಕಿಯ ಅಂಚಿನಲ್ಲಿ. ಇವೆಲ್ಲ ಪಾಲಿಶ್ ಯಂತ್ರದ ಪ್ಯಾಡ್ ಹೋಗದ ಜಾಗಗಳು. ಇಂಥ ಮೇಲ್ಮೈ ಗೀರಿಗೆ ಕೆಲವು ನೂರು ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಗಿಲಿಗೆ ಹೊಸ ಪೇಂಟ್, ಇಡೀ ಕಾರಿನ ಪಾಲಿಶ್ ಪ್ಯಾಕೇಜ್, ವಿಮೆ ಕ್ಲೇಮ್, ಈ ಮೂರೂ ಇಲ್ಲಿ ನಷ್ಟದ ಬಾಬತ್ತು.

ಕಾರಣ ಬಣ್ಣದ ದಪ್ಪದಲ್ಲೇ ಇದೆ. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಲ್ಲಕ್ಕೂ ಮೇಲಿರುವ ಪಾರದರ್ಶಕ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇದ್ದರೆ ಹೆಚ್ಚು, ಅಂದರೆ ತಲೆಗೂದಲಿಗಿಂತ ತೆಳು. ಪಾಲಿಶ್ ಗೀರನ್ನು ತುಂಬುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಇಳಿಸುವುದು ಪಾಲಿಶ್. ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವುದೂ ಅದೇ ಪದರ. ಹಣದ ಭಾಷೆಯಲ್ಲಿ ಹೇಳಬೇಕೆಂದರೆ ಇದು ಬಡ್ಡಿ ಹುಟ್ಟದ ಅಸಲು. ತೆಗೆದಷ್ಟೂ ಕರಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಮಡಿಕೆ ಮತ್ತು ಅಂಚುಗಳಲ್ಲಿ ಆ ಅಸಲೇ ಕಡಿಮೆ, ಏಕೆಂದರೆ ಬಣ್ಣ ಅಲ್ಲಿ ತೆಳುವಾಗಿ ಕೂತಿರುತ್ತದೆ.

ಒಂದೇ ಸಲ ಇಡೀ ಕಾರಿಗೆ ಮೆಷಿನ್ ಪಾಲಿಶ್ ಮಾಡಿಸಿದರೆ ಎಲ್ಲ ಹೋಗುತ್ತದಲ್ಲ ಎನ್ನುವವರಿದ್ದಾರೆ. ಹೋಗುವುದು ಬಾನೆಟ್, ರೂಫ್, ಬಾಗಿಲಿನ ಬಯಲಿನಲ್ಲಿರುವ ಗೀರು. ಐದಾರು ಇಂಚಿನ ಪ್ಯಾಡ್ ಹಿಡಿಕೆಯ ಗುಳಿಗೆ ಇಳಿಯುವುದೇ ಇಲ್ಲ. ಕೆಲಸಗಾರ ಒಂದೋ ಆ ಜಾಗ ಬಿಡುತ್ತಾನೆ, ಇಲ್ಲವೇ ಪ್ಯಾಡನ್ನು ಓರೆ ಮಾಡಿ ಅಂಚಿಗೆ ಒತ್ತುತ್ತಾನೆ. ಆಗ ಶಾಖಕ್ಕೆ ಬಣ್ಣ ಸುಡುವುದು ಅಲ್ಲೇ. ಒಂದಿಂಚು, ಎರಡಿಂಚಿನ ಪ್ಯಾಡುಗಳು ಇವೆ, ನಿಜ. ಅವನ್ನು ಇಟ್ಟುಕೊಂಡು ತಾಳ್ಮೆಯಿಂದ ಕೂರುವವರು ಗಂಟೆಯ ಲೆಕ್ಕದಲ್ಲಿ ಹಣ ಕೇಳುತ್ತಾರೆ, ಕೇಳಬೇಕಾದದ್ದೇ. ಇನ್ನು ಕೆಲವು ಕಡೆ ಎಣ್ಣೆ, ಮೇಣದಂಶದ ಗ್ಲೇಜ್ ಬಳಿದು ಗೀರನ್ನು ಮುಚ್ಚಿ ಕಳಿಸುತ್ತಾರೆ. ನಾಲ್ಕಾರು ಸಲ ತೊಳೆಯುವಷ್ಟರಲ್ಲಿ ಗೀರು ಮರಳಿ ಬರುತ್ತದೆ. ಹಣ ಕೊಡುವ ಮೊದಲು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಆ ಜಾಗ ಒರೆಸಿ ತೋರಿಸಿ ಎನ್ನಿ. ಕೆಲಸ ಗಟ್ಟಿಯಾಗಿದ್ದರೆ ಯಾರೂ ಬೇಸರಪಡುವುದಿಲ್ಲ.

ವಿಮೆ ಇದೆಯಲ್ಲ, ಪ್ರೀಮಿಯಂ ಕಟ್ಟುತ್ತೇವಲ್ಲ ಎಂಬ ಮಾತು ಇನ್ನೂ ದುಬಾರಿಯಾದದ್ದು. ಉದಾಹರಣೆಗೆ ಬಾಗಿಲಿನ ಪೇಂಟ್ ಬಿಲ್ ₹5,000 ಎಂದುಕೊಳ್ಳೋಣ. 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿನಲ್ಲೂ ₹1,000 ಕಡ್ಡಾಯವಾಗಿ ನಿಮ್ಮ ಕೈಯಿಂದ ಹೋಗುತ್ತದೆ. ಅದಕ್ಕಿಂತ ದೊಡ್ಡ ಎಂಜಿನ್ನಿಗೆ ₹2,000. ಪೇಂಟಿನ ಸಾಮಗ್ರಿಗೆ 50% ಸವಕಳಿ ಹಿಡಿಯುತ್ತಾರೆ. ಬಿಲ್ಲಿನಲ್ಲಿ ಕೂಲಿ, ಸಾಮಗ್ರಿ ಬೇರೆ ಮಾಡಿರದಿದ್ದರೆ ಮೊತ್ತದ 25% ಸಾಮಗ್ರಿ ಎಂದು ಲೆಕ್ಕ, ಅದರ ಅರ್ಧ ₹625. ಕೊನೆಗೆ ಕಂಪನಿ ಕೊಡುವುದು ₹3,375. ಪ್ರತಿಯಾಗಿ ನೀವು ಕಳೆದುಕೊಳ್ಳುವುದು ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಅದು ಕ್ಲೇಮಿಲ್ಲದ ವರ್ಷಗಳಿಗೆ 20, 25, 35, 45, 50 ಪ್ರತಿಶತ ಎಂದು ಏರುತ್ತದೆ. ಒಂದು ಕ್ಲೇಮಿಗೆ ಸೊನ್ನೆಗೆ ಇಳಿಯುತ್ತದೆ. 50% ಮುಟ್ಟಿದವರು ಮತ್ತೆ ಅಲ್ಲಿಗೆ ಏರುವಷ್ಟರಲ್ಲಿ ವರ್ಷವರ್ಷದ ವ್ಯತ್ಯಾಸ 50, 30, 25, 15, 5, ಕೂಡಿದರೆ 125%. ಸ್ವಂತ ಹಾನಿಯ ಭಾಗದ ಪ್ರೀಮಿಯಂ ₹12,000 ಇದ್ದರೆ ಇದು ₹15,000. ವಾಹನದ ಘೋಷಿತ ಮೌಲ್ಯ ವರ್ಷದಿಂದ ವರ್ಷಕ್ಕೆ ಇಳಿಯುವುದರಿಂದ ಅಷ್ಟು ಪೂರ್ತಿ ಆಗದಿರಬಹುದು, ಆದರೂ ₹3,375ರ ಹತ್ತಿರಕ್ಕೂ ಇಳಿಯುವುದಿಲ್ಲ. ಬೋನಸ್ ರಕ್ಷಣೆಯ ಹೆಚ್ಚುವರಿ ಕವರ್ ಕೊಂಡವರು ಈ ಲೆಕ್ಕ ತಮಗಲ್ಲ ಎನ್ನಬಹುದು. ಆ ರಕ್ಷಣೆಗೆ ಕ್ಲೇಮುಗಳ ಮಿತಿ ಇದೆ. ದೊಡ್ಡ ಅಪಘಾತಕ್ಕೆಂದು ಹಣ ಕೊಟ್ಟು ಕೊಂಡದ್ದನ್ನು ಉಗುರಿನ ಗೀರಿಗೆ ಖಾಲಿ ಮಾಡುವುದೇಕೆ? ಅಲ್ಲದೆ ದಿನಬಳಕೆಯ ಸವೆತ ಅಪಘಾತವಲ್ಲ, ಪಾಲಿಸಿ ಅದನ್ನು ಹೊರಗಿಡುತ್ತದೆ.

ಮಾರುವಾಗ ಬೆಲೆ ಬರಬೇಕಲ್ಲ ಎನ್ನುವ ಆಕ್ಷೇಪಕ್ಕೆ ತೂಕವಿದೆ. ಆದರೆ ಅದು ನನ್ನ ಮಾತಿನ ಪರವಾಗಿಯೇ ನಿಲ್ಲುತ್ತದೆ. ಹಳೇ ಕಾರು ಕೊಳ್ಳುವವರು ಈಗ ಬಣ್ಣದ ದಪ್ಪ ಅಳೆಯುವ ಮೀಟರ್ ತರುತ್ತಾರೆ. ನಾಲ್ಕು ಬಾಗಿಲಲ್ಲಿ ಮೂರು 120ರ ಆಸುಪಾಸು ತೋರಿಸಿ ಒಂದು 250 ತೋರಿಸಿದರೆ, ಆ ಮಗ್ಗುಲಿಗೆ ಏನು ಬಡಿದಿತ್ತು ಎಂಬ ಪ್ರಶ್ನೆ ಬರುತ್ತದೆ. ಹಿಡಿಕೆಯ ಗೀರಿಗಷ್ಟೇ ಪೇಂಟ್ ಮಾಡಿಸಿದ್ದು ಎಂದರೆ ನಂಬುವವರು ಕಡಿಮೆ. ಹಿಡಿಕೆಯ ಹಿಂದಿನ ಗೀರನ್ನೇ ನೋಡಿ ಬೆಲೆ ಇಳಿಸುವವರು ಅದಕ್ಕಿಂತ ಕಡಿಮೆ.

ಹಾಗಾದರೆ ಕೈಯಿಂದ ಮಾಡುವುದು ಹೇಗೆ? ಮೊದಲು ಉಗುರನ್ನು ಗೀರಿನ ಅಡ್ಡಕ್ಕೆ ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳದ್ದು, ಪಾಲಿಶ್ ಮಾಡಿ ಕ್ಲಿಯರ್ ಕೋಟ್ ಕಳೆಯಬೇಡಿ. ಜಾರಿ ಹೋದರೆ ಕೆಲಸ ಸಾಧ್ಯ. ಕಾರು ನೆರಳಲ್ಲಿರಲಿ, ತಗಡು ತಣ್ಣಗಿರಲಿ. ಗುಳಿಯನ್ನು ಶಾಂಪೂ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಒಂದು ಮರಳಿನ ಕಣ ಉಳಿದರೂ ಪಾಲಿಶ್ ಮಾಡುವ ಬಟ್ಟೆಯೇ ಹೊಸ ಗೀರು ಎಳೆಯುತ್ತದೆ. ಹಿಡಿಕೆಯ ಅಂಚಿಗೆ, ರಬ್ಬರ್ ಬೀಡಿಂಗಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಪಾಲಿಶಿನ ಬಿಳಿ ಹುಡಿ ಸಂದಿಯಲ್ಲಿ ಕೂತು ತಿಂಗಳುಗಟ್ಟಲೆ ಹೋಗುವುದಿಲ್ಲ. ಬರಿ ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿದರೆ ಬೆರಳ ತುದಿಯ ಒತ್ತಡ ಒಂದೇ ಬಿಂದುವಿಗೆ ಬೀಳುತ್ತದೆ. ಸ್ಪಂಜಿನ ಸಣ್ಣ ತುಂಡಿಗೆ ಮೈಕ್ರೋಫೈಬರ್ ಬಟ್ಟೆ ಸುತ್ತಿ, ಕಡಲೆಕಾಳಿನಷ್ಟು ನುಣುಪು ಪಾಲಿಶ್ ಹಾಕಿ, ಗುಳಿಯ ಬಾಗಿಗೆ ಹೊಂದಿಕೊಂಡು ಮೃದುವಾಗಿ ಹಿಂದೆ ಮುಂದೆ ಎಳೆಯಿರಿ. ಒಣಗುವ ಮೊದಲೇ ಒರೆಸಿ, ಟಾರ್ಚ್ ಹಿಡಿದು ನೋಡಿ. ಹತ್ತರಲ್ಲಿ ಏಳು ಗೀರು ಮಸುಕಾದರೆ ನಿಲ್ಲಿಸಿ. ಉಳಿದ ಮೂರನ್ನು ಬೆನ್ನಟ್ಟುವುದು ಆ ತೆಳು ಪದರದ ಅಸಲಿಗೆ ಕೈಹಾಕಿದಂತೆ. ನಂತರ ಗುಳಿಗೆ ಪಾರದರ್ಶಕ ರಕ್ಷಣಾ ಫಿಲ್ಮಿನ ಒಂದು ಚೂರು ಅಂಟಿಸಿದರೆ ಮುಂದಿನ ಉಗುರುಗಳು ಅದರ ಮೇಲೆ ಬೀಳುತ್ತವೆ. ಸಿರಾಮಿಕ್ ಕೋಟಿಂಗ್ ಈ ಕೆಲಸ ಮಾಡುವುದಿಲ್ಲ. ಅದರ ಜಾಹೀರಾತಿನ 9ಎಚ್ ಪೆನ್ಸಿಲ್ ಗಡಸುತನದ ಅಳತೆ, ಬಳೆ ಎಳೆದರೆ ಗೀರು ಬಿದ್ದೇ ಬೀಳುತ್ತದೆ.

ಇಂದಿರಾನಗರದಲ್ಲಿ ಗಂಟೆಗೆ ಸಾವಿರಾರು ದುಡಿಯುವವರು ಇದಕ್ಕೆ ಸಮಯವೆಲ್ಲಿ ಎಂದರೆ, ಒಪ್ಪುತ್ತೇನೆ. ಅವರು ಹಾಗೇ ಬಿಡಲಿ. ಕ್ಲಿಯರ್ ಕೋಟಿನೊಳಗಿನ ಗೀರಿನಿಂದ ತುಕ್ಕು ಹಿಡಿಯುವುದಿಲ್ಲ. ಬಿಡಬಾರದ್ದು ತಗಡು ಕಾಣುವ ಗೀರು. ಅಲ್ಲಿ ಟಚ್‌ಅಪ್ ಬಣ್ಣ ಮಳೆಗಾಲಕ್ಕೆ ಮೊದಲೇ ಬೀಳಬೇಕು, ಜಿಪುಣತನ ಸಲ್ಲದು. ಕನ್ನಡಿಯ ಪ್ಲಾಸ್ಟಿಕ್ ಮುಚ್ಚಳದಲ್ಲಿ ಆಳವಾದ ಗೀರಿದ್ದರೆ ಪೇಂಟ್ ಮಾಡಿಸುವ ಮೊದಲು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅದೇ ಬಣ್ಣದ್ದು ಸಿಗುತ್ತದೆಯೇ ವಿಚಾರಿಸಿ, ರಸೀದಿ ಕೇಳಿ ಪಡೆಯಿರಿ.

ಗೀರು ಹುಟ್ಟುವ ಜಾಗವನ್ನೂ ನೋಡಬೇಕು. 2024ರ ಮಾರ್ಚಿನಲ್ಲಿ ನೀರಿನ ಬರ ಬಂದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ ₹5,000 ದಂಡ ಎಂದು ಜಲಮಂಡಳಿ ಆದೇಶಿಸಿತು. ಆದೇಶ ಸರಿಯಾದದ್ದೇ. ಆದರೆ ಹೊರವರ್ತುಲ ರಸ್ತೆಯ ಮೆಟ್ರೋ ಕಾಮಗಾರಿಯ ಧೂಳು ಕೂತ ಕಾರನ್ನು ನೀರಿಲ್ಲದೆ ಒಣಬಟ್ಟೆಯಿಂದ ಒರೆಸುವುದು ಮರಳುಕಾಗದ ಎಳೆದಷ್ಟೇ ಹಾನಿ. ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಜಾವ ಸಾಲು ಕಾರುಗಳನ್ನು ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಮುಗಿಸಬೇಕಾದ ಹುಡುಗನನ್ನು ದೂರುವುದು ನ್ಯಾಯವಲ್ಲ. ನಿಮ್ಮ ಕಾರಿಗೆಂದೇ ನಾಲ್ಕು ಮೈಕ್ರೋಫೈಬರ್ ಬಟ್ಟೆ ತಂದುಕೊಡಿ, ತಿಂಗಳಿಗೆ ನೂರು ರೂಪಾಯಿ ಹೆಚ್ಚು ಕೊಡಿ, ದಿನಾ ಒರೆಸುವುದು ಬೇಡ, ವಾರಕ್ಕೆರಡು ಸಲ ಸಂಸ್ಕರಿಸಿದ ನೀರಿನಲ್ಲಿ ನೆನೆಸಿ ಒರೆಸಿದರೆ ಸಾಕು ಎಂದು ಹೇಳಿ.